ಬರಿಗೈ ಲೆಕ್ಕ

ನಮ್ಮ ದವಾಖಾನಿ ಕಪಾಟಿನ್ಯಾಗ ನಾಕು ಖಾನಿ ಅವ.
ಮ್ಯಾಲಿನ ಎರಡರಾಗ ಕೆಮ್ಮಿನ ಔಷಧ,
ಕೇಳಲಾರದೇ ಬಂದದ್ದು, ಹನ್ನೆರಡು ಪೆಟ್ಟಗಿ.
ಬಂದದ್ದು ಮಾರ್ಚ್‌ನ್ಯಾಗ,
ಮೇ ತಿಂಗಳಿಗೆ ಅದರ ಆಯುಷ್ಯ ಮುಗಿತದ.
ಮೂರನೇದರಾಗ ಹತ್ತಿ, ಪಟ್ಟಿ, ಒಂದು ಹಲ್ಲಿ.
ನಾಕನೇದು ಫಿಟ್ಸಿನ ಗುಳಗಿದು.
ಅದನ್ನ ದಿನಾ ಒರಸ್ತೀನಿ.
ಖಾಲಿ ಜಾಗಕ್ಕೂ ಧೂಳು ಕೂಡತದ.

ಇಂಡೆಂಟ್ ಬರದಿದ್ದೆ, ಮೂರು ಸಾವಿರ.
ಬಂದದ್ದು ನಾಕನೂರು,
ಹದಿನೈದು ದಿನದಾಗ ಸರಿ ಹ್ವಾದವು.
ಯಾದಗಿರಿ ಗೋದಾಮಿಗೆ ಫೋನ್ ಹಚ್ಚಿದ್ರ,
‘ಮೇಡಂ, ಲೆಕ್ಕ ಕಂಪ್ಯೂಟರ್ ಹಾಕತದ.
ಹ್ವಾದ ವರ್ಷ ನಿಮ್ಮಲ್ಲಿ ಎಷ್ಟು ಖರ್ಚೋ
ಅಷ್ಟೇ ಮಂಜೂರು.’
ಹ್ವಾದ ವರ್ಷ ಏಳು ತಿಂಗಳು
ಒಂದು ಗುಳಗಿ ಸೈತ ಇದ್ದಿಲ್ರಿ ಅಂದೆ.
‘ಹಂಗಾರ ಖರ್ಚು ಕಮ್ಮಿ ಆಗ್ಯಾದಲ್ಲ.’
ಅವನ ದನಿಯೊಳಗ ತಪ್ಪೇನೂ ಇದ್ದಿಲ್ಲ,
ಲೆಕ್ಕದಾಗೂ ಇದ್ದಿಲ್ಲ.
ಉಪಾಸ ಇದ್ದವನ ತಾಟು ನೋಡಿ
ಇವಗ ಹಸಿವಿ ಕಮ್ಮಿ ಅಂದಂಗ.

ಅವತ್ತ ಮಗನ ಹಳೀ ನೋಟ್‌ಬುಕ್ಕಿನ
ಹಿಂದಿನ ಹಾಳಿ ತಗದೆ.
ಬಂದು ಬರಿಗೈಲೆ ಹೊಳ್ಳಿ ಹ್ವಾದವರ ಹೆಸರು
ಬರಿಲಾಕ ಕೂತೆ.
ಮಾನಶಪ್ಪ, ಆರು ಕಿಲೋಮೀಟರ್ ನಡಕೊಂಡು.
ಇಟ್ಟಂಗಿ ಭಟ್ಟಿಯ ಪೋಶಮ್ಮ, ತೆಲುಗಿನಾಗ ಬೈದಳು,
ಅದನ್ನೂ ಬರದೀನಿ.
ಜಾಫರನ ತಾಯಿ, ಎರಡು ಸಲ.
ಸಾಬಮ್ಮ, ಮಗಳು ಮೋನಮ್ಮನ ಸಲುವಾಗಿ, ನಾಕು ಸಲ.
ಐದನೇ ಸಲ ಹುಡುಗಿನ್ನೂ ಕರಕೊಂಡು ಬಂದಳು,
ಬರೇ ಚೀಟಿ ತೋರಿಸಿದ್ರ ನಾ ನಂಬಂಗಿಲ್ಲೇನೋ ಅಂತ.
ಎಡಗೈ ಮೊಣಕೈ ತನ ಸುಟ್ಟಿತ್ತು.
ರೊಟ್ಟಿ ಬಡಿಯೂವಾಗ,
ಒಲಿ ಮುಂದೇ ಬಂದಿತ್ತಂತ.

ವಡಗೇರಾದ ತಸ್ಕೀನಗ ಫೋನ್ ಹಚ್ಚಿದೆ.
ಆಕಿ ಕಪಾಟಿನ್ಯಾಗ ಎಂಟು ನೂರು ಗುಳಗಿ ಹೆಚ್ಚಿಗಿ ಬಿದ್ದಾವ.
ಕೆಮ್ಮಿನ ಔಷಧ ಒಂದು ಹನಿ ಇಲ್ಲ.
ಇಬ್ಬರೂ ನಕ್ಕಿವಿ,
ಹೊಟ್ಟಿ ಉರದಾಗ ನಗತಾರಲ್ಲ, ಹಂಗ.
ಎರಡು ಕಪಾಟಿನ ನಡುವ ಭೀಮಾ ಹೊಳಿ,
ಎರಡು ಬಸ್ಸು,
ಮತ್ತ ನಾಕು ಸಹಿ.
ಸಹಿ ಬರೂತನ ಕಾಯಲಿಲ್ಲ.

ಬಿಸ್ಕೀಟಿನ ಡಬ್ಬಿಯಾಗ ತುಂಬಿ, ಬಟ್ಟಿ ಸುತ್ತಿ ಹೊಲದು,
ಆಕಿ ಕೊಟ್ಟದ್ದು ಕಂಡಕ್ಟರ್ ತಾಯಪ್ಪನ ಕೈಯಾಗ.
ತಾಯಪ್ಪ ಇಟ್ಟದ್ದು ಯಾದಗಿರಿ ಸ್ಟ್ಯಾಂಡಿನ್ಯಾಗ
ಶೇಂಗಾ ಮಾರೂ ಮುದುಕಿ ಬುಟ್ಟಿ ಮಗ್ಗಲ.
ನಲವತ್ತೆರಡು ಡಿಗ್ರಿ ಬಿಸಲು.
ಮುದುಕಿ ತನ್ನ ಛತ್ರಿ ನೆಳ್ಳು ಡಬ್ಬಿಗೆ ಸರಿಸಿ
ತಾ ಹೊರಗ ಕೂತಿದ್ಳಂತ,
ಒಂದೂವರಿ ತಾಸು.
ಅಲ್ಲಿಂದ ಗುರುಮಠಕಲ್ ಬಸ್ಸು.
ಇಂಜಿನ್ ಕಡೀ ಇಡಬ್ಯಾಡ್ರಿ, ಕಾಯ್ತದ,
ಅಂತ ಯಾರು ಹೇಳಿದ್ರೋ,
ಡ್ರೈವರನ ತೊಡಿ ಮ್ಯಾಲ ಕೂತು ಬಂತು.

ಹೊಳ್ಳಿ ಹೋಗೂ ಬಸ್ಸಿಗೆ ಕೆಮ್ಮಿನ ಔಷಧ ಏರಿಸಿದೆ.
ಅದಕ್ಕ ಲಗೇಜ್ ಟಿಕೀಟು ಹರದ್ರು, ಇಪ್ಪತ್ತೆರಡು ರೂಪಾಯಿ.
ಆ ತುಂಡೂ ನೋಟ್‌ಬುಕ್ಕಿಗೆ ಅಂಟಿಸೀನಿ.

ಸರ್ಕಾರಿ ರಜಿಸ್ಟರಿನ್ಯಾಗ
‘ಎಲ್ಲಿಂದ ಬಂತು’ ಅನ್ನೂ ಕಾಲಮ್ಮಿಗೆ
ಒಂದು ಬೆರಳು ಅಗಲದ ಜಾಗ.
ವಡಗೇರಾ, ಅಂತ ಬರದೆ.
ಮುದುಕಿ ಹೆಸರು ನಾ ಇನ್ನೂ ಕೇಳಿಲ್ಲ.

ಜಿಲ್ಲಾ ಮೀಟಿಂಗಿಗೆ ನೋಟ್‌ಬುಕ್ಕು ಒಯ್ದೆ,
ನೂರಾ ಹದಿನಾಕು ಹೆಸರು.
ಸಾಹೇಬ್ರು ಒಂದೊಂದೇ ಹಾಳಿ ತಿರುವಿದ್ರು,
ಟಿಕೀಟಿನ ತುಂಡಿನ ಹತ್ರ ಸ್ವಲ್ಪ ನಿಂತ್ರು.
‘ಇದಕ್ಕ ಫಾರಂ ಯಾವದದ?’
ಸಿಟ್ಟಿಲ್ಲ, ಖರೇನ ಕೇಳಿದ್ರು.
ಇಲ್ರಿ ಅಂದೆ.
ಪೆನ್ನು ತಗದು ಏನೋ ಬರಕೊಂಡ್ರು.
ಏನಂತ ನನಗ ಕಾಣಸಲಿಲ್ಲ.

ಸಾಬಮ್ಮ ಮೂವತ್ತು ಗುಳಗಿ ಎಣಿಸಿ
ಸೆರಗಿಗೆ ಗಂಟು ಹಾಕಿದಳು.
ಮೋನಮ್ಮ ಹೊರಗ ಹ್ವಾದಮ್ಯಾಲ
ಬಾಗಿಲದಾಗ ನಿಂತಳು.
ಔಷಧ ಬರ್ತದೇನು ಅಂತ ಕೇಳಲಿಲ್ಲ.
‘ಮುಂದಿನ ತಿಂಗಳ
ಬಸ್ ಚಾಲೂ ಇರ್ತಾವೇನ್ರಿ?’